ಶಂಡಾಮರ್ಕರ ಶಾಲೆ: ಸಂಪಾದಕರ ಉತ್ತರ

ಮಾನ್ಯರೇ,

ಶಿರಸಿಯಿಂದ ತಾವು ಬರೆದ ಪತ್ರವನ್ನು ಕಾರವಾರದ ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದೆವು. ಕಳೆದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದ ಆನ್‌ಲೈನ್ ಭಯಾನಕ ಧಾರಾವಾಹಿಯ ಕಂತು, ಸನ್ಯಾಸಿನಿಯರು ನಡೆಸುವ ಸುಧಾರಣಾ ಶಾಲೆಯನ್ನು ದೆವ್ವದ ಮನೆಯಾಗಿಸಿ ಧರ್ಮಕ್ಕೆ ಮಸಿ ಬಳಿದಿದೆ, ಇಂಥ ಶಾಲೆಗಳು ಕತೆಗಾರರ ತಲೆಯಲ್ಲಿ ಮಾತ್ರ ಇರುತ್ತವೆ, ಹಿತ್ತಲಿನ ಹೆಸರಿಲ್ಲದ ಗೋರಿಗಳಂತೂ ಅತಿರೇಕ ಎಂಬುದು ತಮ್ಮ ಆಕ್ಷೇಪ. ಮೂವತ್ತು ವರ್ಷ ಪಾಠ ಹೇಳಿದ ತಮ್ಮೆದುರು ಇದನ್ನು ಅಳುಕಿನಿಂದಲೇ ಹೇಳುತ್ತೇನೆ: ಅಂಥ ಶಾಲೆಗಳು ಇದ್ದವು.

ಐರ್ಲೆಂಡಿನಲ್ಲಿ ಬಡವರ ಮಕ್ಕಳನ್ನೂ ಶಾಲೆ ತಪ್ಪಿಸಿದವರನ್ನೂ ನ್ಯಾಯಾಲಯಗಳೇ ಕ್ರೈಸ್ತ ಸಂಘಗಳ ಶಾಲೆಗಳಿಗೆ ಒಪ್ಪಿಸುತ್ತಿದ್ದವು. ಅವುಗಳನ್ನು ಕುರಿತ ತನಿಖಾ ಆಯೋಗದ ವರದಿ 2009ರ ಮೇ ತಿಂಗಳಲ್ಲಿ ಐದು ಸಂಪುಟಗಳಾಗಿ ಹೊರಬಂತು. ಮುಂದಿನ ಏಟು ಯಾವ ಕಡೆಯಿಂದ ಬೀಳುವುದೋ ತಿಳಿಯದೆ ಮಕ್ಕಳು ದಿನವೂ ದಿಗಿಲಿನಲ್ಲೇ ಬದುಕುತ್ತಿದ್ದರೆಂದು ಅದು ಹೇಳುತ್ತದೆ. ಇನ್ನು ಗೋರಿಗಳ ಮಾತು. 1993ರಲ್ಲಿ ಡಬ್ಲಿನ್ನಿನ ಸನ್ಯಾಸಿನಿಯರ ಸಂಘವೊಂದು ತನ್ನ ಜಾಗ ಮಾರಿದಾಗ, ‘ದಾರಿ ತಪ್ಪಿದವರು’ ಎಂದು ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ ಹೆಂಗಸರ 155 ಶವಗಳನ್ನು ಅಲ್ಲಿಂದ ಹೊರತೆಗೆಯಲಾಯಿತು. ಅವರಲ್ಲಿ ಹಲವರಿಗೆ ಮರಣ ಪ್ರಮಾಣಪತ್ರವೇ ಇರಲಿಲ್ಲ.

ಧರ್ಮಕ್ಕೆ ಅಪಚಾರವಾಯಿತೆಂಬ ಮಾತಿಗೆ ನಮ್ಮ ಬಯಲಾಟವನ್ನೇ ನೆನೆಯಬಹುದು. ಹಿರಣ್ಯಕಶಿಪು ಮಗನನ್ನು ತಿದ್ದಲೆಂದು ಒಪ್ಪಿಸಿದ ಶಂಡಾಮರ್ಕರ ಪಾಠಶಾಲೆಯೂ ಸುಧಾರಣಾ ಶಾಲೆಯೇ ತಾನೆ? ಪ್ರಹ್ಲಾದ ಚರಿತ್ರೆಯ ಆಟ ನೋಡಿ ಎದ್ದವರು ಗುರುಕುಲಕ್ಕೆ ಅವಮಾನವಾಯಿತೆಂದು ದೂರಿದ್ದನ್ನು ಘಟ್ಟದ ಮೇಲಾಗಲಿ ಕೆಳಗಾಗಲಿ ನಾನು ಕೇಳಿಲ್ಲ. ಅಲ್ಲಿ ಭಕ್ತನಾದವನು ಮಗು. ಈ ಕಂತಿನಲ್ಲೂ ಹೊದಿಕೆಯೊಳಗೆ ಮುದುಡಿ, ಬೆತ್ತಕ್ಕೆ ಹೆದರಿ ಅಲ್ಲದೆ ಮನಸಾರೆ ಪ್ರಾರ್ಥಿಸುವವಳು ಆ ಶಾಲೆಯ ಹುಡುಗಿಯೊಬ್ಬಳೇ.

ಕೊನೆಯಲ್ಲಿ ಬರುವ ದೆವ್ವದ ವಿಷಯದಲ್ಲಿ ಮಾತ್ರ ನಾನು ತಮ್ಮ ಪಕ್ಷ. ನಮ್ಮ ಬಯಲಾಟದ ರಾಕ್ಷಸ ಪಾತ್ರವಾದ ಬಣ್ಣದ ವೇಷ ತೆರೆಯ ಹಿಂದೆ ನಿಂತು ಅಬ್ಬರಿಸಿ, ಚಂಡೆಯ ಪೆಟ್ಟಿಗೆ ಕಿರೀಟದ ತುದಿಯನ್ನಷ್ಟೇ ಕಾಣಿಸಿ ಹೆದರಿಸುತ್ತದೆ. ಈ ಕಂತೂ ಬಹಳ ಹೊತ್ತು ಮುಖ್ಯಸ್ಥೆಯ ಬೀಗದ ಕೈಗೊಂಚಲಿನ ಸದ್ದೊಂದರಲ್ಲೇ ನಮ್ಮನ್ನು ಹಿಡಿದಿಟ್ಟು, ಆಮೇಲೆ ಯಾಕೋ ಅವಸರಪಟ್ಟು ತೆರೆಯನ್ನು ಪೂರ್ತಿ ಇಳಿಸಿ ದೆವ್ವವನ್ನು ತೋರಿಸಿಬಿಟ್ಟಿತು.

ತಮ್ಮ ಮೊಮ್ಮಗಳು ಆ ರಾತ್ರಿ ದೀಪ ಆರಿಸಗೊಡಲಿಲ್ಲ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಆನ್‌ಲೈನ್ ವೇದಿಕೆಗಳು ಕೇಂದ್ರ ಸರ್ಕಾರದ 2021ರ ನಿಯಮಗಳಂತೆ ವಯಸ್ಸಿನ ಗುರುತನ್ನು ತೋರಿಸುತ್ತವೆ; ಅದನ್ನು ನಮ್ಮ ವಿಮರ್ಶೆಯಲ್ಲಿ ಹೇಳದೆ ಬಿಟ್ಟದ್ದು ನನ್ನ ತಪ್ಪು. ಮುಂದಿನ ಸಂಚಿಕೆಯಿಂದ ಆ ಗುರುತು ಶೀರ್ಷಿಕೆಯ ಕೆಳಗೇ ಅಚ್ಚಾಗುತ್ತದೆ.

— ಸಂಪಾದಕ