ಅಳೋ ನಾಟಕ ಬಿಡಿ, ಅಡ್ಮಿಷನ್ ಟೇಬಲ್ ಹಾಕಿ

ಪ್ರಶ್ನೆ: ಸಾಗರದ ಕಡೆ ಬಿ.ಎಡ್ ಕಾಲೇಜಲ್ಲಿ ಪಾಠ ಮಾಡ್ತೀನಿ ಸರ್. ವಲಸೆ ಬಗ್ಗೆ ನಾಟಕ ಮಾಡಿ ಅಂದ್ರೆ ನಮ್ ಸ್ಟೂಡೆಂಟ್ಸ್ ಗಂಟುಮೂಟೆ ಹೊತ್ಕೊಂಡು ಬಂದು ಗೊಳೋ ಅಂತ ಅಳ್ತಾರೆ, ನೋಡೋರು ನಗ್ತಾರೆ. ಡ್ಯಾಮ್ ನೀರಲ್ಲಿ ಮುಳುಗಡೆಯಾದ ಊರುಗಳ ಮನೆತನದವರೂ ಕ್ಲಾಸಲ್ಲಿದಾರೆ. ಹೇಗೆ ಮಾಡ್ಸೋದು, ಮಾರ್ಕ್ಸ್ ಯಾವುದಕ್ಕೆ ಕೊಡೋದು?

ಉತ್ತರ: ಮೇಡಂ, ನೀನಾಸಂ ನಾಟಕ ಸಂಸ್ಥೆ ಇರೋ ಹೆಗ್ಗೋಡು ಪಕ್ಕದಲ್ಲೇ ಇರೋದ್ರಿಂದ ನಾಟಕ ಅಂದ್ರೆ ಸ್ಟೇಜು, ಲೈಟು, ಮೇಕಪ್ಪು ಅಂತ ನಿಮ್ಮೋರಿಗೆ ಅನ್ಸೋದು ಸಹಜ, ಆದ್ರೆ ಇಲ್ಲಿ ಪ್ರೇಕ್ಷಕರೇ ಬೇಡ. ಶಿಕ್ಷಕರ ತರಬೇತಿ ನೋಡ್ಕೊಳ್ಳೋ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ಬಿ.ಎಡ್‌ಗೆ ನಾಟಕ-ಕಲೆ ಸೇರಿಸಿರೋದು ನಟರನ್ನ ತಯಾರು ಮಾಡೋಕಲ್ಲ. ನಾನಾದ್ರೆ ವಲಸೆ ಬಂದೋರ ಪಾತ್ರ ಅವರಿಗೆ ಕೊಡೋದೇ ಇಲ್ಲ, ಅವರು ನಾಳೆ ಕೂರೋ ಕುರ್ಚಿ ಕೊಡ್ತೀನಿ.

ಒಂದು ಟೇಬಲ್ ಹಾಕಿ, ಒಬ್ರು ಹೆಡ್‌ಮಾಸ್ಟರು. ನವೆಂಬರ್, ಅಡಿಕೆ ಸುಗ್ಗಿ. ಯಾದಗಿರಿ ಕಡೆಯಿಂದ ಕೂಲಿಗೆ ಬಂದ ತಾಯಿ ಮಗಳನ್ನ ಶಾಲೆಗೆ ಸೇರ್ಸೋಕೆ ಬಂದಿದಾಳೆ, ಆ ತಾಯಿ ನೀವೇ ಆಗಿ. ಪಾಠ ಮಾಡೋರೇ ಪಾತ್ರ ಆಗಿ ಒಳಗೆ ಹೋಗೋದು ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ ಬೆಳೆಸಿದ ವಿಧಾನ, ನಮ್ಮಲ್ಲಿ ಮೇಷ್ಟ್ರುಗಳು ಯಾಕೋ ನಾಚ್ಕೋತಾರೆ. "ಟಿಸಿ ಎಲ್ಲಮ್ಮ?" ಅಂತಾರೆ ಹೆಡ್‌ಮಾಸ್ಟರು, ನೂರಕ್ಕೆ ನೂರು ಇದೇ ಡೈಲಾಗ್ ಬರುತ್ತೆ. "ಟಿಸಿ ತರಾಕ ಊರಿಗ್ ಹೋದ್ರ ಕೂಲಿ ಹೋಗ್ತೈತ್ರಿ ಸರ" ಅನ್ನಿ. ಯಾರಾದ್ರೂ ಆ ಮಾತಿನ ಧಾಟಿಗೆ ಕಿಸಕ್ ಅಂದೇ ಅಂತಾರೆ, ಅಲ್ಲೇ ನಿಲ್ಸಿ, ಬೈಬೇಡಿ, ಈಗ ಆ ಹುಡುಗಿ ಎಲ್ಲಿ ನೋಡ್ತಿದಾಳೆ ಅಂತಷ್ಟೇ ಕೇಳಿ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಕೈಗೆ ಕೊಟ್ಟು 5ನೇ ಸೆಕ್ಷನ್ ಓದ್ಸಿ, ಟಿಸಿ ತಡವಾಯ್ತು ಅಂತ ಸೇರ್ಸಿಕೊಳ್ಳದೆ ಇರೋ ಹಾಗಿಲ್ಲ ಅಂತ ಅದರಲ್ಲಿದೆ. ಇನ್ನೊಬ್ರನ್ನ ಕುರ್ಚಿಲಿ ಕೂರ್ಸಿ ಅದೇ ಸೀನ್ ಮತ್ತೆ. ಕಾನೂನು ಗೊತ್ತಾದ್ಮೇಲೂ ಕೆಲವ್ರು "ನಾಳೆ ಬನ್ನಿ" ಅಂತಾರೆ ನೋಡಿ, ಚರ್ಚೆಗೆ ಅದೇ ಬೇಕಾಗಿರೋದು.

ಮುಳುಗಡೆ ವಿಷಯ ಆಮೇಲೆ ತನ್ನಿ. 1964ರ ಲಿಂಗನಮಕ್ಕಿ ಡ್ಯಾಮಿಂದ ಎದ್ದು ಶಿವಮೊಗ್ಗ ಸುತ್ತಮುತ್ತಲ ಕಾಡಿಗೆ ಬಂದೋರ ಎಷ್ಟೋ ಮನೆಗಳಲ್ಲಿ ಜಮೀನಿನ ಹಕ್ಕುಪತ್ರದ ಜಗಳ ಇನ್ನೂ ಮುಗಿದಿಲ್ಲ, ಕಾಗದ ಇಲ್ದೇ ಟೇಬಲ್ ಮುಂದೆ ನಿಲ್ಲೋದು ಏನು ಅಂತ ಆ ಮಕ್ಕಳಿಗೆ ನೀವು ಹೇಳಿಕೊಡಬೇಕಾಗಿಲ್ಲ. ಆದ್ರೆ ಯಾರ ಮನೆ ಕಥೇನೂ ಅವರ ಬಾಯಿಂದ ಎಳಿಬೇಡಿ. ನೆಲಕ್ಕೆ ಚಾಪೆ ಹಾಸಿ, ಊರು ಬಿಡೋ ದಿನ ಸಾಮಾನು ಹೇರೋ ಲಾರಿ ಇದೇ, ಹಿಡಿಸೋದು ಇಷ್ಟೇ ಅನ್ನಿ. ಮೆಟ್ಟುಗತ್ತಿ ಹಾಕೋಣ್ವ, ಬಾವಿ ಹಗ್ಗ ಹಾಕೋಣ್ವ, ಕರು ಏನ್ಮಾಡೋದು, ಅಜ್ಜಿ ಕೂರೋಕೆ ಜಾಗ ಎಲ್ಲಿ... ಜಗಳ ತಾನಾಗೇ ಶುರುವಾಗುತ್ತೆ, ಅಳು ಯಾರಿಗೂ ನೆನಪೇ ಇರಲ್ಲ. ಬೇಡ ಅಂದೋರು ಸುಮ್ನೆ ಕೂತು ನೋಡ್ಲಿ.

ಮುಗಿದ ಕೂಡ್ಲೇ ಬೆಲ್ ಹೊಡೀತು ಅಂತ ಎದ್ದು ಹೋಗ್ಬೇಡಿ, ಅರ್ಧ ಗಂಟೆ ಕೂತು ಮಾತಾಡಿ, ಹೆಡ್‌ಮಾಸ್ಟರ್ ಆದೋರು ಮೊದಲು ಮಾತಾಡ್ಲಿ. ಇನ್ನು ಮಾರ್ಕ್ಸು, ಆಕ್ಟಿಂಗ್‌ಗೆ ಸೊನ್ನೆ ಇಟ್ಬಿಡಿ. ಎರಡನೇ ಸಲ ಟೇಬಲ್ ಆಚೆ ಕೂತೋರು ಏನು ಬದಲಾಯಿಸಿದ್ರು, ಯಾಕೆ ಅಂತ ಒಂದು ಪುಟ ಬರೆಸಿ ಅದಕ್ಕೆ ಕೊಡಿ.