ಸಂಕಥನ ವಿಶ್ಲೇಷಣೆ ಕಲಿತರೆ ಯಾರಿಗೆ ಉಪಯೋಗ?

ಸಂಕಥನ ವಿಶ್ಲೇಷಣೆ, ಅಂದರೆ ಡಿಸ್ಕೋರ್ಸ್ ಅನಾಲಿಸಿಸ್, ಜನ ಆಡುವ ಮಾತು, ಬರೆಯುವ ಬರಹ ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ನೋಡುವ ವಿದ್ಯೆ. ಪರೀಕ್ಷೆ ಬಿಟ್ಟರೆ ಅದು ಬೇರೆ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಕೇಳಿದ್ದೀರಿ. ನಮ್ಮ ಮನೆಯ ಮಾತಿನಿಂದಲೇ ಶುರು ಮಾಡುತ್ತೇನೆ.

ನಮ್ಮದು ಸಾಗರ ತಾಲೂಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಜ್ಜನ ಮನೆ, ಗದ್ದೆ, ತೋಟ ಎಲ್ಲ ಶರಾವತಿ ಹಿನ್ನೀರಿಗೆ ಹೋದವು. ಕಾಗದಪತ್ರದಲ್ಲಿ ಇದಕ್ಕೆ 'ಮುಳುಗಡೆ' ಅಂತ ಹೆಸರು. ಅಜ್ಜಿ ಮಾತ್ರ ಕೊನೆಯವರೆಗೂ 'ನಮ್ಮನ್ನ ಒಕ್ಕಲೆಬ್ಬಿಸಿದ್ರು' ಅಂತಲೇ ಹೇಳುತ್ತಿದ್ದರು. ವ್ಯತ್ಯಾಸ ನೋಡಿ. ಮುಳುಗಡೆ ಮಳೆ ಬಂದ ಹಾಗೆ ತಾನಾಗಿ ಆಗಿಬಿಡುತ್ತದೆ. ಒಕ್ಕಲೆಬ್ಬಿಸಿದ್ರು ಅಂದಾಗ 'ಯಾರು?' ಅಂತ ಕೇಳಲೇಬೇಕಾಗುತ್ತದೆ. ನಾನೂ ಮೇಲೆ 'ಹಿನ್ನೀರಿಗೆ ಹೋದವು' ಅಂತ ಬರೆದೆ, ಅಲ್ವಾ? ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ. ಈಗಲೂ ಅದೇ ಕಥೆ. ರೈತ 'ಸಾಗುವಳಿ' ಅನ್ನುವ ಜಮೀನು ನೋಟಿಸಿನಲ್ಲಿ 'ಒತ್ತುವರಿ' ಆಗಿರುತ್ತದೆ. ಯಾವ ಪದ ಗೆಲ್ಲುತ್ತದೋ ಅದರ ಮೇಲೆ ಒಂದು ಕುಟುಂಬದ ಬದುಕು ನಿಂತಿರುತ್ತದೆ. ಮಾತು ಯಾರನ್ನು ಮುಂದೆ ತರುತ್ತದೆ, ಯಾರನ್ನು ಮರೆಮಾಡುತ್ತದೆ ಅಂತ ಹುಡುಕುವುದೇ ಈ ವಿದ್ಯೆಯ ಜೀವಾಳ ಅಂತ ನನಗನ್ನಿಸುತ್ತದೆ.

ಕೋರ್ಟಿನ ಕೆಲಸಕ್ಕೂ ಇದು ಬಂದಿದೆ. ಇಂಗ್ಲೆಂಡಿನಲ್ಲಿ ಡೆರೆಕ್ ಬೆಂಟ್ಲಿ ಎಂಬ 19 ವರ್ಷದ ಹುಡುಗನನ್ನು ಕೊಲೆ ಕೇಸಿನಲ್ಲಿ 1953ರಲ್ಲಿ ಗಲ್ಲಿಗೇರಿಸಿದರು. ಠಾಣೆಯಲ್ಲಿ ಬರೆದುಕೊಂಡ ಅವನ ಹೇಳಿಕೆ ಅವನದೇ ಮಾತು ಅಂತ ಪೊಲೀಸರು ಹೇಳಿದ್ದರು. ಮುಂದೆ ಮಾಲ್ಕಮ್ ಕೂಲ್ತಾರ್ಡ್ ಎಂಬ ಭಾಷಾವಿಜ್ಞಾನಿ ಅದನ್ನು ಪರೀಕ್ಷಿಸಿದರು. ಅದರಲ್ಲಿ 'ದೆನ್' (ಆಮೇಲೆ) ಎಂಬ ಸಣ್ಣ ಪದ ತುಂಬಾ ಜಾಸ್ತಿ ಇತ್ತು, ಅದೂ 'ಐ ದೆನ್' ಅಂತ ಪೊಲೀಸರು ಬರೆಯುವ ಕ್ರಮದಲ್ಲಿ. ಅಂದರೆ ಆ ಹೇಳಿಕೆಯಲ್ಲಿ ಪೊಲೀಸರ ಮಾತೂ ಸೇರಿದೆ ಅಂತ ಅವರು ತೋರಿಸಿದರು. 1998ರಲ್ಲಿ ತೀರ್ಪು ರದ್ದಾಯಿತು. ರದ್ದಾಗಲು ಮುಖ್ಯ ಕಾರಣ ವಿಚಾರಣೆಯಲ್ಲಿ ಆದ ತಪ್ಪು, ಆದರೂ ಈ ಪರೀಕ್ಷೆ ಇಂದಿಗೂ ಪಾಠವಾಗಿ ಉಳಿದಿದೆ. ನಮ್ಮಲ್ಲೂ ಯೋಚಿಸಿ. ಅಡಿಕೆ ಕೊಯ್ಯುವ ಕೊನೆಗಾರ ಎಲ್ಲಾದರೂ 'ಸದರಿ ಸ್ಥಳಕ್ಕೆ ಹೋಗಿ ನೋಡಲಾಗಿ' ಅಂತ ಮಾತಾಡುತ್ತಾನಾ?

ಆಸ್ಪತ್ರೆಯ ಉದಾಹರಣೆ ನನಗೆ ಹತ್ತಿರದ್ದು, ಯಾಕೆಂದರೆ ನಾನು ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತೇನೆ. ಅಮೆರಿಕದಲ್ಲಿ ಜಾನ್ ಹೆರಿಟೇಜ್ ಎಂಬ ಸಮಾಜಶಾಸ್ತ್ರಜ್ಞ ಮತ್ತು ಸಂಗಡಿಗರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ತೊಂದರೆ ಇದೆಯಾ ಅನ್ನುವುದನ್ನು ಕೆಲವು ವೈದ್ಯರು 'ಎನಿಥಿಂಗ್ ಎಲ್ಸ್' ಅಂತ ಕೇಳಿದರು, ಕೆಲವರು 'ಸಮ್‌ಥಿಂಗ್ ಎಲ್ಸ್' ಅಂತ. ಎರಡನೆಯ ರೀತಿ ಕೇಳಿದಾಗ ರೋಗಿಗಳು ಹೇಳದೆ ಉಳಿಸಿಕೊಳ್ಳುವ ತೊಂದರೆಗಳು ಬಹಳ ಕಡಿಮೆಯಾದವು. ಮೊದಲನೆಯದರಿಂದ ಅಂಥ ಫಲ ಸಿಗಲಿಲ್ಲ. ಕನ್ನಡದಲ್ಲಿ 'ಇನ್ನೇನೂ ಇಲ್ಲ ತಾನೇ?' ಅಂದರೆ 'ಇಲ್ಲ' ಎಂಬ ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗೆ. 'ಇನ್ನೂ ಏನೇನು ತೊಂದರೆ ಇದೆ, ಹೇಳಕ್ಕಾ' ಅಂದಾಗ ಸುಮ್ನೆ ಕೂತಿದ್ದವರೂ ಬಾಯಿ ಬಿಡುವುದನ್ನು ನೋಡಿದ್ದೇನೆ.

ಮಂಗನ ಕಾಯಿಲೆಯ ವಿಷಯವೂ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ. ಹೆಸರು ಮಂಗನದು, ಕಚ್ಚಿ ಹರಡುವುದು ಉಣುಗು, ಅಂದರೆ ಉಣ್ಣೆ. ಮಂಗವೂ ಅದೇ ರೋಗಕ್ಕೆ ಸಾಯುತ್ತದೆ, ಪಾಪ. ಹೆಸರು ಕೇಳಿದವರು ಮಂಗನ ಕಡೆ ನೋಡುತ್ತಾರೆ. ದರಕು (ಕಾಡಿನ ಒಣ ಎಲೆ) ಗುಡಿಸುವಾಗ ಕಾಲಿಗೆ ಹತ್ತುವ ಉಣುಗಿನ ಕಡೆ ಗಮನ ಹೋಗುವುದಿಲ್ಲ. ಅದಕ್ಕೇ ನಾನು ತರಬೇತಿಯಲ್ಲಿ ಉಣುಗಿನ ಮಾತನ್ನೇ ಮೊದಲು ಎತ್ತುತ್ತೇನೆ.

ಶಾಲೆ, ಜಾಹೀರಾತು, ರಾಜಕೀಯ ಭಾಷಣ ಎಲ್ಲದಕ್ಕೂ ಇದನ್ನು ಬಳಸುತ್ತಾರೆ. ನಿಮಗೆ ರುಚಿ ಹತ್ತಬೇಕಾದರೆ ಇವತ್ತಿನ ಪೇಪರಿನ ಒಂದು ಸುದ್ದಿ ತಗೊಳ್ಳಿ. ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ. 'ತೆರವುಗೊಳಿಸಲಾಯಿತು', 'ನಿರ್ಧರಿಸಲಾಗಿದೆ' ಅಂತ ಬಂದಲ್ಲೆಲ್ಲ ಪಕ್ಕದಲ್ಲಿ 'ಯಾರು?' ಅಂತ ಬರೆಯಿರಿ.