ದೇಶ ಸಾಲ ಕಟ್ಟಲಾಗದೆ ಕೈ ಎತ್ತುವುದು ಒಳ್ಳೆಯದೋ, ಖರ್ಚು ಕಡಿತ ಮಾಡಿ ಸಾಲ ತೀರಿಸುವುದು ಒಳ್ಳೆಯದೋ? ನಾನು ಕೆಲಸ ಮಾಡುವ ದೇಶದಲ್ಲಿ ಈಗ ಇದೇ ಚರ್ಚೆ, ನನ್ನ ಉಳಿತಾಯವೆಲ್ಲ ಇಲ್ಲಿಯ ಬ್ಯಾಂಕಿನಲ್ಲಿದೆ

ನಿಮ್ಮ ಒಂದು ಮಾತು ಓದಿ ಎದೆ ಧಸಕ್ಕೆಂದಿತು. "ಸರ್ಕಾರ ಇದುವರೆಗೆ ಒಂದು ಕಂತನ್ನೂ ತಪ್ಪಿಸಿಲ್ಲ, ಹಾಗಾಗಿ ಧೈರ್ಯವಾಗಿದ್ದೇನೆ" ಅಂದಿದ್ದೀರಿ. 2022ರ ಜನವರಿಯಲ್ಲಿ ಶ್ರೀಲಂಕಾದಿಂದ ಅಕ್ಕನಿಗೆ ಫೋನಿನಲ್ಲಿ ನಾನು ಹೇಳಿದ್ದೂ ಇದೇ ಮಾತು.

ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಪ್ರೊಡಕ್ಷನ್ ಪ್ಲಾನಿಂಗ್ ಮಾಡಿಕೊಂಡಿದ್ದವನು. 2018ರಲ್ಲಿ ಕಟುನಾಯಕೆಯ ಒಂದು ಕಾರ್ಖಾನೆಗೆ ಹೋದೆ. ಕೊಲಂಬೊ ವಿಮಾನ ನಿಲ್ದಾಣ ಇರುವ ಊರು ಅದು, ಪಕ್ಕದಲ್ಲೇ ರಫ್ತು ವಲಯ. ಸಂಬಳ ಲಂಕಾ ರೂಪಾಯಿಯಲ್ಲಿ. ಊಟ, ಬಾಡಿಗೆ ಕಳೆದು ಉಳಿದದ್ದನ್ನೆಲ್ಲ ಅಲ್ಲೇ ಎಫ್‌ಡಿ ಇಡುತ್ತಾ ಬಂದೆ. 2021ರ ಕೊನೆಗೆ 24 ಲಕ್ಷ ಲಂಕಾ ರೂಪಾಯಿ ಆಗಿತ್ತು. ಆಗಿನ ಲೆಕ್ಕಕ್ಕೆ ನಮ್ಮ ದುಡ್ಡಿನಲ್ಲಿ ಎಂಟೂ ಮುಕ್ಕಾಲು ಲಕ್ಷ. ತುಮಕೂರಿನ ಹೊರಗೆ ಒಂದು ಸೈಟಿಗೆ ಅಕ್ಕ ಮಾತಾಡಿಯೂ ಇಟ್ಟಿದ್ದಳು.

ಎಫ್‌ಡಿ ಮುಗಿಯುವುದು ಜನವರಿ ಕೊನೆಯ ವಾರ. ಅಷ್ಟರಲ್ಲೇ ಅಡುಗೆ ಗ್ಯಾಸಿಗೆ, ಹಾಲಿನ ಪುಡಿಗೆ ಪರದಾಟ ಶುರುವಾಗಿತ್ತು. ಜೊತೆಗಿದ್ದ ತಮಿಳುನಾಡಿನ ಒಬ್ಬರು ಬ್ಯಾಂಕಿಗೆ ಹತ್ತು ಸಲ ಅಲೆದು, ಕೇಳಿದ ಕಾಗದವನ್ನೆಲ್ಲ ಕೊಟ್ಟು, ತಮ್ಮ ಉಳಿತಾಯದ ಮುಕ್ಕಾಲು ಪಾಲನ್ನು ಊರಿಗೆ ಕಳಿಸಿಬಿಟ್ಟರು. ಸುಮ್ನೆ ಹೆದರುತ್ತಿದ್ದಾರೆ ಅಂದುಕೊಂಡೆ. ಯಾಕೆಂದರೆ ಜನವರಿ 18ರಂದು ಲಂಕಾ ಸರ್ಕಾರ 50 ಕೋಟಿ ಡಾಲರಿನ ಒಂದು ಬಾಂಡನ್ನು, ಅಂದರೆ ಸಾಲಪತ್ರವನ್ನು, ಪೂರ್ತಿ ತೀರಿಸಿತ್ತು. ಆ ಸುದ್ದಿ ಓದಿದ ಧೈರ್ಯದಲ್ಲಿ ನಾನು ಎಫ್‌ಡಿಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದೆ.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ, ನೀವು ಈಗ ಅಲ್ಲೇ ನಿಂತಿದ್ದೀರಿ.

ಕಂತು ಕಟ್ಟಿದ ಅಂದರೆ ಅವನ ಹತ್ತಿರ ದುಡ್ಡಿದೆ ಅಂತ ನಾವು ತಿಳಿಯುತ್ತೇವೆ. ಆದರೆ ಹೆಂಡತಿಯ ಸರ ಅಡ ಇಟ್ಟು ಕಂತು ಕಟ್ಟಿದವನೂ ಸೊಸೈಟಿಯ ಪುಸ್ತಕದಲ್ಲಿ ಒಳ್ಳೆಯ ಸಾಲಗಾರನೇ ಅಲ್ವಾ? ಕಟ್ಟಿದ ಮೇಲೆ ಮನೆಯಲ್ಲಿ ಏನು ಉಳಿಯಿತು ಅನ್ನುವುದು ಆ ಪುಸ್ತಕದಲ್ಲಿ ಇರುವುದಿಲ್ಲ. ನಾನೂ ಅದನ್ನು ಕೇಳಲಿಲ್ಲ. ಡಿಸೆಂಬರ್ ಕೊನೆಗೆ ವಿದೇಶಿ ವಿನಿಮಯ ಮೀಸಲು, ಅಂದರೆ ದೇಶದ ಕೈಯಲ್ಲಿರುವ ಹೊರದೇಶದ ಹಣ, 310 ಕೋಟಿ ಡಾಲರ್ ಇದೆ ಎಂದು ಸೆಂಟ್ರಲ್ ಬ್ಯಾಂಕ್ ಹೇಳಿತ್ತು. ಅದರಲ್ಲಿ ಸುಮಾರು 150 ಕೋಟಿ ಚೀನಾದ ಜೊತೆಗಿನ ಕರೆನ್ಸಿ ಸ್ವಾಪ್, ಅಂದರೆ ಎರಡು ದೇಶ ತಮ್ಮ ಹಣ ಅದಲುಬದಲು ಮಾಡಿಕೊಳ್ಳುವ ಒಪ್ಪಂದದ್ದು. ಲೆಕ್ಕದಲ್ಲಿ ತೋರಿಸಬಹುದು, ಪೆಟ್ರೋಲ್ ಹಡಗಿನವನಿಗೆ ಕೊಡಲು ಬರುತ್ತಿರಲಿಲ್ಲ. ಉಳಿದದ್ದರಲ್ಲಿ 50 ಕೋಟಿ ಈ ಬಾಂಡಿಗೆ ಹೋಯಿತು. ಜುಲೈಗೆ ಇನ್ನೊಂದು 100 ಕೋಟಿಯ ಬಾಂಡ್ ಕಾದಿತ್ತು. ಇದು ಗುಟ್ಟೇನೂ ಆಗಿರಲಿಲ್ಲ. ಈ ಬಾಂಡ್ ಈಗ ಕಟ್ಟಬೇಡಿ, ಸಾಲ ಕೊಟ್ಟವರ ಜೊತೆ ಕೂತು ಮಾತಾಡಿ, ಆ ಡಾಲರಿನಲ್ಲಿ ಔಷಧಿ ಇಂಧನ ತನ್ನಿ ಎಂದು ಅಲ್ಲಿಯ ಅರ್ಥಶಾಸ್ತ್ರಜ್ಞರು ಬಹಿರಂಗವಾಗಿ ಹೇಳುತ್ತಿದ್ದರು. ನಾನು ಅದನ್ನು ಓದಿಯೂ ಇದ್ದೆ. ನನ್ನ ದುಡ್ಡು ಅಲ್ಲಿತ್ತಲ್ಲ, ಸಮಾಧಾನ ಕೊಡುವ ಸುದ್ದಿಯನ್ನೇ ನಂಬಿದೆ.

ಇನ್ನೊಂದು ವಿಷಯವನ್ನೂ ತಪ್ಪಾಗಿ ಓದಿದೆ. ಡಾಲರ್ ಬೆಲೆ ತಿಂಗಳುಗಟ್ಟಲೆ 203 ಲಂಕಾ ರೂಪಾಯಿಯ ಆಸುಪಾಸು ಕದಲದೆ ನಿಂತಿತ್ತು. ಕದಲದ್ದನ್ನು ಗಟ್ಟಿ ಅಂದುಕೊಂಡೆ. ಆ ಬೆಲೆಗೆ ಬ್ಯಾಂಕಿನಲ್ಲಿ ಡಾಲರ್ ಸಿಗುವುದೇ ಕಷ್ಟವಾಗಿತ್ತು, ಹೊರಗೆ ಹುಂಡಿಯವರು, ಅಂದರೆ ಬ್ಯಾಂಕ್ ಬಿಟ್ಟು ಕಳ್ಳದಾರಿಯಲ್ಲಿ ಹಣ ಸಾಗಿಸುವವರು, ಡಾಲರಿಗೆ ಅದಕ್ಕಿಂತ ಜಾಸ್ತಿ ಕೊಡುತ್ತಿದ್ದರು. ಒಂದೇ ಡಾಲರಿಗೆ ಎರಡು ಬೆಲೆ ಇದ್ದರೆ ನಿಜವಾದದ್ದು ಹೊರಗಿನದು. ಇಷ್ಟು ನನಗೆ ಹೊಳೆಯಲಿಲ್ಲ.

ಮಾರ್ಚ್ 7ರಂದು ಸೆಂಟ್ರಲ್ ಬ್ಯಾಂಕ್ ರೂಪಾಯಿಯ ಬೆಲೆಯನ್ನು ಹಿಡಿದಿಡುವುದನ್ನು ಬಿಟ್ಟಿತು. ಇಳಿದದ್ದು ಮತ್ತೆ ಏರುತ್ತದೆ ಅಂತ ಕಾದೆ. ಮೇ ಹೊತ್ತಿಗೆ ಡಾಲರ್ 360 ಮುಟ್ಟಿತು. ಮುಂದಿನ ಜನವರಿಯಲ್ಲಿ ಎಫ್‌ಡಿ ಮುಗಿದು ಊರಿಗೆ ಬಂದದ್ದು, ಬಡ್ಡಿ ಸೇರಿ, ಐದೂ ಮುಕ್ಕಾಲು ಲಕ್ಷದ ಹತ್ತಿರ. ಬ್ಯಾಂಕ್ ಒಂದು ಪೈಸೆಯನ್ನೂ ಹಿಡಿದುಕೊಳ್ಳಲಿಲ್ಲ. ಬರೆದುಕೊಟ್ಟಷ್ಟು ರೂಪಾಯಿ ಪೂರ್ತಿ ಕೊಟ್ಟಿತು. ಸೈಟು ಕೈತಪ್ಪಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೈ ಎತ್ತುವುದೋ ಖರ್ಚು ಕಡಿತವೋ ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲಂಕೆಯ ಜನಕ್ಕೆ ಎರಡೂ ಬಂತು. ಸರ್ಕಾರ ಕಂತು ಕಟ್ಟುತ್ತಿದ್ದಾಗಲೇ ಬಡವರ ಮನೆಯಲ್ಲಿ ಕಡಿತ ಶುರುವಾಗಿತ್ತು. ಕಾಗದ ಇಲ್ಲದೆ ಕೊಲಂಬೊ ಕಡೆಯ ಶಾಲೆಗಳ ಪರೀಕ್ಷೆ ಮುಂದೂಡಿದರು. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಇರಲಿಲ್ಲ. ಇನ್ನು ವಿದೇಶಿ ಸಾಲ ಕಟ್ಟಲಾಗುವುದಿಲ್ಲ ಎಂದು ಸರ್ಕಾರ ಹೇಳಿದ್ದು ಏಪ್ರಿಲ್ 12ಕ್ಕೆ, ಅಲ್ಲಿಯ ಹೊಸ ವರ್ಷದ ಹಬ್ಬ ಹತ್ತಿರ ಬಂದಿದ್ದಾಗ. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ. ಮೊದಲೇ ಹೇಳಿದ್ದರೆ ಸಾಲ ಕೊಟ್ಟವರ ಜೊತೆ ಮಾತಾಡುವಾಗ ಕೈಯಲ್ಲಿ ಒಂದಿಷ್ಟು ಡಾಲರ್ ಇರುತ್ತಿತ್ತು. ತಡ ಮಾಡಿದ್ದೇ ದೊಡ್ಡ ಅನ್ಯಾಯ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಆಮೇಲೆ ಬಂದದ್ದನ್ನು ಬೇಗ ಹೇಳಿಬಿಡುತ್ತೇನೆ. 177 ರೂಪಾಯಿ ಇದ್ದ ಪೆಟ್ರೋಲ್ ಜೂನ್ ಕೊನೆಗೆ 470. ಜುಲೈನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋದರು. ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ. 70ರ ಹತ್ತಿರ. 2023ರ ಮಾರ್ಚಿನಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸುಮಾರು 300 ಕೋಟಿ ಡಾಲರ್ ಸಾಲ ಒಪ್ಪಿತು. ಅದಕ್ಕೆ ಮುಂಚೆಯೇ ಕರೆಂಟ್ ದರವನ್ನು ಎರಡು ಸಲ ಏರಿಸಿದ್ದರು, ಮೊದಲು ಸರಾಸರಿ ಶೇ. 75, ಮತ್ತೆ ಶೇ. 66. ವ್ಯಾಟ್, ಅಂದರೆ ಕೊಳ್ಳುವ ವಸ್ತುಗಳ ಮೇಲಿನ ತೆರಿಗೆ, 2024ಕ್ಕೆ ಶೇ. 18 ಆಯಿತು. ಅದೇ ವ್ಯಾಟನ್ನು 2019ರ ಡಿಸೆಂಬರಿನಲ್ಲಿ 15ರಿಂದ 8ಕ್ಕೆ ಇಳಿಸಿ, ದೊಡ್ಡ ವ್ಯಾಪಾರದವರನ್ನೂ ತೆರಿಗೆಯಿಂದ ಹೊರಗೆ ಬಿಟ್ಟಿದ್ದರು. ಬೊಕ್ಕಸ ಬರಿದಾಗಲು ಅದೊಂದು ದೊಡ್ಡ ಕಾರಣ. ಹಾಗಾಗಿ ತೆರಿಗೆ ಏರಿಸಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಯಾರ ಮೇಲೆ ಏರಿಸಿದರು ಅನ್ನುವುದಕ್ಕೆ ನನ್ನ ತಕರಾರು. ಅಕ್ಕಿಬೇಳೆಯಲ್ಲೇ ಸಂಬಳ ಮುಗಿಯುವವರಿಗೆ ಅದೇ ದರ ಎಷ್ಟು ಭಾರ, ಯೋಚನೆ ಮಾಡಿ.

2023ರ ಮಧ್ಯದಲ್ಲಿ, ಸರ್ಕಾರ ದೇಶದೊಳಗೇ ಮಾಡಿದ್ದ ಸಾಲದ ಷರತ್ತುಗಳನ್ನೂ ಬದಲಿಸುವ ಮಾತು ಬಂತು. ಬ್ಯಾಂಕುಗಳು ಮುಳುಗಿದರೆ ಎಲ್ಲರಿಗೂ ಕಷ್ಟ ಎಂದು ಅವುಗಳ ಕೈಯಲ್ಲಿದ್ದ ಸರ್ಕಾರದ ರೂಪಾಯಿ ಬಾಂಡನ್ನು ಮುಟ್ಟಲಿಲ್ಲ. ಮುಖ್ಯ ಹೊರೆ ಬಿದ್ದದ್ದು ಇಪಿಎಫ್‌ನಂಥ (ಕಾರ್ಮಿಕರ ಭವಿಷ್ಯ ನಿಧಿ) ನಿವೃತ್ತಿ ನಿಧಿಗಳ ಮೇಲೆ. ಹಳೆಯ ಬಾಂಡ್ ಕೊಟ್ಟು ಕಡಿಮೆ ಬಡ್ಡಿಯ ಹೊಸ ಬಾಂಡ್ ತಗೊಳ್ಳಿ, ಇಲ್ಲವಾದರೆ ಶೇ. 14ರ ಬದಲು 30 ತೆರಿಗೆ ಕಟ್ಟಿ ಅಂದರು. ಕಾರ್ಖಾನೆಯಲ್ಲಿ 17 ವರ್ಷ ಹೊಲಿದಿದ್ದ ಒಬ್ಬ ಹೆಂಗಸು ತನ್ನ ಇಪಿಎಫ್ ಚೀಟಿ ತಂದು ನನ್ನ ಮೇಜಿನ ಮೇಲಿಟ್ಟರು. "ಸರ್, ಕನಿಷ್ಠ ಶೇ. 9 ಕೊಡ್ತಾರಂತೆ. ಒಳ್ಳೇದೇ ಅಲ್ವಾ?" ಅಂತ ಕೇಳಿದರು. ಬೆಲೆಗಳು ಒಂದೇ ವರ್ಷದಲ್ಲಿ ಎಷ್ಟು ಏರಿದ್ದವು ಅಂತ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದೆ. ಚೀಟಿ ಮಡಚಿಕೊಂಡು ಲೈನಿಗೆ ವಾಪಸ್ ಹೋದರು. ನನಗಾದರೆ ಕಳಿಸಲು ಒಂದು ಊರಿತ್ತು, ತಪ್ಪಿದ್ದು ನಾನು. ಅವರಿಗೆ ಆ ದಾರಿಯೇ ಇರಲಿಲ್ಲ. ನೀವಿರುವ ದೇಶದ ಚರ್ಚೆಯಲ್ಲಿ ಯಾರಾದರೂ "ಎಲ್ಲರೂ ಸ್ವಲ್ಪ ಸಹಿಸಿಕೊಳ್ಳಬೇಕು" ಅಂದರೆ, ಆ ಎಲ್ಲರೂ ಯಾರು ಅಂತ ಹೆಸರು ಹಿಡಿದು ಕೇಳಿ.

ನಿಮ್ಮ ದುಡ್ಡಿನ ವಿಷಯ. ಮೂರು ತಿಂಗಳ ಖರ್ಚಿಗೆ ಬೇಕಾದಷ್ಟು ಅಲ್ಲಿ ಇಟ್ಟುಕೊಂಡು ಮಿಕ್ಕಿದ್ದನ್ನು ಕಳಿಸಿಬಿಡಿ. ಬಡ್ಡಿ ಹೋದರೆ ಹೋಗಲಿ, ದಂಡ ಬಿದ್ದರೆ ಬೀಳಲಿ. ಬ್ಯಾಂಕಿನ ಮೂಲಕವೇ ಕಳಿಸಿ, ಹುಂಡಿಗೆ ಕೈ ಹಾಕಬೇಡಿ, ಕೆಲಸದ ವೀಸಾ ಇರುವವರಿಗೆ ಅದು ದೊಡ್ಡ ಅಪಾಯ. ಅಲ್ಲಿ ನಡೆಯುವುದು ಸ್ವಂತ ಕರೆನ್ಸಿಯಲ್ಲದೆ ಯೂರೋ ಥರದ್ದಾದರೆ ಬೆಲೆ ಹೀಗೆ ಬೀಳದೆ ಇರಬಹುದು. ಆದರೆ 2015ರಲ್ಲಿ ಗ್ರೀಸಿನಲ್ಲಿ ಮೂರು ವಾರ ಬ್ಯಾಂಕ್ ಮುಚ್ಚಿ, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಅಂತ ಮಿತಿ ಹಾಕಿದ್ದರು.

ನಿಮ್ಮ ಎಫ್‌ಡಿ ಯಾವ ತಿಂಗಳು ಮುಗಿಯುತ್ತದೆ, ಸಂಬಳ ಕಳಿಸಲು ಬ್ಯಾಂಕ್ ಏನೇನು ಕಾಗದ ಕೇಳುತ್ತಿದೆ, ಇವೆರಡನ್ನು ಇಲ್ಲೇ ಕೆಳಗೆ ಬರೆಯಿರಿ. ನಾನು ಆಮೇಲೆ ಓಡಾಡಿ ಕೊಟ್ಟ ಕಾಗದಗಳ ಪಟ್ಟಿ ಇನ್ನೂ ಇದೆ, ಹಾಕುತ್ತೇನೆ.